ಅಂತರಿಕ್ಷದ ವಿಕಿರಣಕ್ಕೂ ಮಾಪಕ ಬೇಕು

ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ ಜಗಳೂರು ಸೀಮೆಯ ರೈತನೆದುರಿಗೆ ಅಂತರಿಕ್ಷದ ವಿಕಿರಣವನ್ನು ಅಳೆಯುವ ಉಪಕರಣಗಳ ಮಾತನ್ನೆತ್ತಿದರೆ, ಇದರಿಂದ ನಮ್ಮ ಕೆರೆಗೆ ನೀರು ಬಂದೀತೇ ಎಂದು ಆತನು ಕೇಳಿಯಾನು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳುವ ಹೊಣೆ ವಿದ್ಯಾವಂತರದು.

ಮೋಡಗಳ ಚಲನೆಯನ್ನು ಕಂಡು ಹವಾಮಾನ ಇಲಾಖೆಗೆ ತಿಳಿಸುವ ಇನ್ಸಾಟ್ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಆ ಸ್ಥಳವು ನಿರಪಾಯವಾದುದಲ್ಲ. ಭೂಮಿಯ ಕಾಂತಕ್ಷೇತ್ರದ ಸೆರೆಗೆ ಸಿಕ್ಕಿದ ವಿದ್ಯುತ್ಕಣಗಳು ನಮ್ಮ ಭೂಗೋಳವನ್ನು ಪಟ್ಟಿಗಳಂತೆ ಸುತ್ತುವರಿದಿವೆ. ಇದನ್ನು 1958ರಲ್ಲಿ ಅಮೆರಿಕದ ಜೇಮ್ಸ್ ವ್ಯಾನ್ ಆಲೆನ್ನರು ಎಕ್ಸ್‌ಪ್ಲೋರರ್ ಉಪಗ್ರಹದ ಗೈಗರ್ ಮಾಪಕದಿಂದ ಕಂಡುಕೊಂಡರು. ಎತ್ತರಕ್ಕೇರಿದಾಗ ಆ ಮಾಪಕವು ಮೂಕವಾಯಿತು. ವಿಕಿರಣವಿಲ್ಲದುದರಿಂದಲ್ಲ, ಅಳತೆ ಮೀರಿ ಇದ್ದುದರಿಂದ! ಸೂರ್ಯನಲ್ಲಿ ಕ್ಷೋಭೆಯುಂಟಾದಾಗ ಈ ಕಣಗಳ ಹಾವಳಿಯು ಹೆಚ್ಚುತ್ತದೆ. ಉಪಗ್ರಹದ ಸೌರಫಲಕಗಳು ಕ್ಷೀಣಿಸುತ್ತವೆ, ಯಂತ್ರದ ಸ್ಮೃತಿಯು ತಪ್ಪುತ್ತದೆ. ಆಗ ಮಳೆಯ ಮುನ್ಸೂಚನೆಗೂ ಕುಂದು ಬಾರದಿರದು.

ಈ ಶಾಸ್ತ್ರವು ಕನ್ನಡನಾಡಿಗೆ ಹೊರಗಿನದಲ್ಲ. 1975ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಆರ್ಯಭಟ ಉಪಗ್ರಹದ ನಿರ್ಮಾಣಕ್ಕೆ ನೇತೃತ್ವ ವಹಿಸಿದ್ದ ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಅವರು ವಿಶ್ವಕಿರಣಗಳ ಸಂಶೋಧನೆಯಲ್ಲಿಯೇ ಹೆಸರಾದವರು. 2008ರ ಚಂದ್ರಯಾನದಲ್ಲಿ ವಿಕಿರಣವನ್ನಳೆದ ಉಪಕರಣವು ಬಲ್ಗೇರಿಯದವರದು. ಆದರೆ 2017ರ ಜೂನ್ 5ರಂದು ಹಾರಿದ ಜಿಸ್ಯಾಟ್-19 ನಮ್ಮದೇ ವಿಕಿರಣ ಮಾಪಕವನ್ನು ಹೊತ್ತೊಯ್ದಿತು. 2023ರಲ್ಲಿ ಹೊರಟ ಆದಿತ್ಯ-ಎಲ್1 ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನಿಂದ ಬರುವ ಕಣಗಳನ್ನು ಸ್ವದೇಶೀ ಉಪಕರಣಗಳಿಂದಲೇ ಎಣಿಸುತ್ತಿದೆ. ಎರವಲಿನ ಕಾಲವು ಕಳೆಯಿತೆಂದು ನಾವು ಹೆಮ್ಮೆಪಡುವುದು ಸಹಜವೇ ಸರಿ.

ಹೆಮ್ಮೆಯೊಂದೇ ಸಾಲದು. ವಿಕಿರಣವು ಎಲ್ಲ ಕಡೆಗೂ ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನಾಗಿರುವುದಿಲ್ಲವಾದ ಕಾರಣ, ಎಲ್ಲಿಯೋ ಒಂದು ಕಡೆ ಅಳೆದರೆ ಪ್ರಯೋಜನವು ಸ್ವಲ್ಪ. ಮುಂದೆ ಹಾರಿಸುವ ಪ್ರತಿಯೊಂದು ಉಪಗ್ರಹದಲ್ಲಿಯೂ ಸಣ್ಣದೊಂದು ಮಾಪಕವಿರಬೇಕು. ತೂಕ ಹೆಚ್ಚುವುದೆಂಬ ಆಕ್ಷೇಪಣೆಯು ನಿಲ್ಲಲಾರದು. ಚಂದ್ರಯಾನದ ಉಪಕರಣವು ಇನ್ನೂರು ಗ್ರಾಮನ್ನೂ ತೂಗುತ್ತಿರಲಿಲ್ಲ. ದೊರೆತ ಅಂಕಿಗಳು ಕಚೇರಿಯ ಕಡತದಲ್ಲಿ ಉಳಿಯದೆ, ಅವುಗಳ ಸಾರಾಂಶವು ಕನ್ನಡದಲ್ಲಿ ನಮ್ಮ ಶಾಲಾ ಕಾಲೇಜುಗಳಿಗೂ ತಲಪಬೇಕು.

ಹೋಬಳಿಗೊಂದು ಮಳೆಮಾಪಕವಿರಬೇಕೆಂದು ಕೇಳುವ ಜನ ನಾವು. ಆ ಮಳೆಯ ಸುದ್ದಿಯನ್ನು ತರುವ ದೂತನ ಯೋಗಕ್ಷೇಮಕ್ಕೂ ಒಂದು ಮಾಪಕವಿರಲೆಂದು ಕೇಳುವುದು ಅತ್ಯಾಶೆಯಲ್ಲ. ಅಧಿಕಾರಿವರ್ಗದವರು ಇತ್ತ ಗಮನವೀಯುವರೆಂದು ನಂಬುತ್ತೇವೆ.