ಉಕ್ಕಿನ ಕುಲಗೋತ್ರ

ನಮ್ಮ ವಿಠ್ಠಲವಾಡಿಯ ನೆರೆಮನೆಯವರೊಬ್ಬರು ವಿಜಾಪುರದ ಕಡೆಯವರು. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾರೆ. ಕಳೆದ ಮಳೆಗಾಲದಲ್ಲಿ ಗಿರಣಿಗೆ ಹೊಸ ಶಾಫ್ಟು ಮಾಡಿಸಿದರು. ಎರಡೇ ತಿಂಗಳಲ್ಲಿ ಅದರ ಕೀ ಕೂರುವ ಕಚ್ಚು ಹಿಗ್ಗಿ ಗಾಲಿ ಗಡಗಡನೆ ಅಲ್ಲಾಡತೊಡಗಿತು. "ಇಎನ್ 8 ಹಾಕ್ರಿ ಅಂತ ಹೇಳಿದ್ದೆ, ರೊಕ್ಕಾನೂ ಅದರದ ಕೊಟ್ಟೀನ್ರಿ" ಎಂದು ನನ್ನಲ್ಲಿ ಬಂದು ಗೋಳು ತೋಡಿಕೊಂಡರು. ಸರಕಾರಿ ಗುಮಾಸ್ತನಿಗೆ ಸಕಲವೂ ತಿಳಿದಿರುತ್ತದೆಂಬ ಭ್ರಮೆ ನಮ್ಮ ಜನರಿಗೆ ಇನ್ನೂ ಹೋಗಿಲ್ಲ! ಬಿ.ಎ. ತರಗತಿಯಲ್ಲಿ ನನಗೆ ಉಕ್ಕಿನ ಪಾಠವಾಗಿರಲಿಲ್ಲ. ಆದರೂ ಕೇಳಿ, ಓದಿ ತಿಳಿದುದನ್ನು ಇಲ್ಲಿ ಬರೆಯುತ್ತೇನೆ. ನಮ್ಮ ಎಷ್ಟೋ ಮನೆಗಳ ಹುಡುಗರು ಡೊಂಬಿವಲಿ, ಅಂಬರನಾಥಗಳ ಕಾರಖಾನೆಗಳಲ್ಲಿ ಲೇತಿನ ಮುಂದೆ ನಿಲ್ಲುವವರಲ್ಲವೇ?

ಎಲ್ಲವೂ ಇಂಗಾಲದ ಆಟ. ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಮೊದಲು ಬಂದುದು ಬೀಡುಕಬ್ಬಿಣ. ಬೀಡಿನಲ್ಲಿ ಇಂಗಾಲ ನೂರಕ್ಕೆ ಮೂರು ನಾಲ್ಕು ಪಾಲು. ಸುತ್ತಿಗೆಯ ಪೆಟ್ಟಿಗೆ ಒಡೆಯುತ್ತದೆ. ಆ ಇಂಗಾಲವನ್ನು ಸುಟ್ಟು ಕಳೆದರೆ ಉಕ್ಕು. ಅಲ್ಲಿ ಉಕ್ಕು ತಯಾರಾಗತೊಡಗಿದ್ದು 1936ರಲ್ಲಿ. ಕಿಟಕಿಯ ಸರಳಿನ ಮೆದು ಉಕ್ಕಿನಲ್ಲಿ, ಅಂದರೆ ಎಂ.ಎಸ್.ನಲ್ಲಿ, ಇಂಗಾಲ ಸುಮಾರು 0.2 ಪಾಲು, ಇಎನ್ 8ರಲ್ಲಿ 0.4. ಇಷ್ಟೇ ವ್ಯತ್ಯಾಸ! ಆದರೆ ಒಂದು ಚದರ ಮಿಲಿಮೀಟರು ಅಡ್ಡಳತೆಯ ಎಂ.ಎಸ್. ತಂತಿ ಸುಮಾರು 42 ಕಿಲೋ ಭಾರಕ್ಕೆ ತುಂಡಾದರೆ ಇಎನ್ 8 ಸುಮಾರು 55 ಕಿಲೋ ತಡೆಯುತ್ತದೆ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಇಎನ್ 24ನ್ನು ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದಕ್ಕೆ ಕಾಯಿಸಿದರೆ 90 ಕಿಲೋ ದಾಟುತ್ತದೆ. ಬೇರಿಂಗಿನ ಗುಂಡುಗಳಿಗೆ ಇಎನ್ 31. ಅದರಲ್ಲಿ ಇಂಗಾಲ ಒಂದು ಪಾಲು, ಕ್ರೋಮಿಯಂ ಅದಕ್ಕಿಂತ ತುಸು ಹೆಚ್ಚು.

ಈ 'ಇಎನ್' ಯುದ್ಧಕಾಲದ ಕೂಸು. 1941ರಲ್ಲಿ ಇಂಗ್ಲೆಂಡಿನ ಬಿಎಸ್ 970 ಮಾನಕದಲ್ಲಿ ಹುಟ್ಟಿತು. ಅಲ್ಲಿಯವರು 1970ರ ದಶಕದಲ್ಲೇ ಹೆಸರು ಬದಲಿಸಿದರು. ಇಎನ್ 8 ಅಲ್ಲಿ 080ಎಂ40 ಆಯಿತು, ಮ್ಯಾಂಗನೀಸ್ 0.80, ಇಂಗಾಲ 0.40 ಎಂಬುದು ಸಂಖ್ಯೆಯಲ್ಲೇ ಅಡಗಿದೆ. ಗುಮಾಸ್ತನ ಕಣ್ಣಿಗೆ ಬಲು ಅಂದವಾದ ಏರ್ಪಾಡು! ನಮ್ಮ ಲೇತ್ ಅಂಗಡಿಗಳಲ್ಲಿ ಮಾತ್ರ ಹಳೆಯ ಹೆಸರೇ ಇಂದಿಗೂ ನಡೆಯುತ್ತದೆ.

ತೊಂದರೆಯೆಂದರೆ ಇವೆಲ್ಲ ನೋಡಲು ಒಂದೇ ಬಗೆ. ಸರಳಿನ ತುದಿಗೆ ಬಣ್ಣ ಬಳಿದಿರುತ್ತಾರೆ. ಅದೂ ಅಂಗಡಿಯಿಂದ ಅಂಗಡಿಗೆ ಬೇರೆ. ಬಣ್ಣದ ತುದಿಯನ್ನು ಮೊದಲು ಕತ್ತರಿಸಿ ಮಾರಿದರೆ ಉಳಿದುದಕ್ಕೆ ಹೆಸರೇ ಇಲ್ಲ.

ನಮ್ಮ ಪರಿಚಯದ ಲೇತ್ ಹುಡುಗನೊಬ್ಬ ಆ ಶಾಫ್ಟನ್ನು ಸಾಣೆಗೆ ಹಿಡಿದು ತೋರಿಸಿದ. ಕಿಡಿಗಳು ಉದ್ದುದ್ದ ಗೆರೆಯಾಗಿ ಹಾರಿದವು. ಪಕ್ಕದಲ್ಲಿ ನಿಜವಾದ ಇಎನ್ 8ರ ತುಂಡು ಹಿಡಿದಾಗ ಸುರುಸುರುಬತ್ತಿಯಂತೆ ಕವಲೊಡೆದು ಸಿಡಿದವು. "ಕಾಕಾ, ಇದು ಎಂ.ಎಸ್. ಐತ್ರಿ" ಎಂದುಬಿಟ್ಟ. ಕಿಡಿ ನೋಡಿ ಇಂಗಾಲ ಹೆಚ್ಚೋ ಕಡಿಮೆಯೋ ಹೇಳಬಹುದು. ಕರಾರುವಾಕ್ಕಾಗಿ ತಿಳಿಯಲು ಪ್ರಯೋಗಶಾಲೆಯೇ ಬೇಕು.

ಮಾರಿದವರಲ್ಲಿಗೆ ನಾನೂ ಜೊತೆಗೆ ಹೋದೆ. ಬಿಲ್ಲಿನಲ್ಲಿ ಬರೆದಿದ್ದುದು ಬರೇ 'ಶಾಫ್ಟ್, ಒಂದು' ಎಂದು. ವಾದಿಸಲು ಬಾಯಿಯೇ ಇರಲಿಲ್ಲ, ಹಣ ಹೋಯಿತು. ಎರಡನೆಯ ಸಲ ನೆರೆಯವರು 'ಇಎನ್ 8' ಎಂದು ಬಿಲ್ಲಿನಲ್ಲಿ ಬರೆಯಿಸಿ, ಗಿರಣಿಯ ಪರೀಕ್ಷಾ ಪತ್ರದ ನಕಲನ್ನೂ ಕೇಳಿ ತಂದರು. ಗಿರಣಿಯೆಂದರೆ ಉಕ್ಕಿನದು, ಹಿಟ್ಟಿನದಲ್ಲ!