ಬದುವಿಗೆ ಕಳೆನಾಶಕ, ಮಗನಿಗೆ ಪ್ರಕೃತಿ ಶಿಬಿರ

ಮೊನ್ನೆ ಮಳೆ ಸ್ವಲ್ಪ ಹೊಳವಾಗಿತ್ತು. ಸಸಿಮಡಿ ನೋಡಿಕೊಂಡು ಬರೋಣ ಅಂತ ಗದ್ದೆ ಕಡೆ ಹೋದರೆ, ಪಕ್ಕದ ಗದ್ದೆಯವರು ಬೆನ್ನಿಗೆ ಟ್ಯಾಂಕ್ ಹಾಕಿಕೊಂಡು ಬದುವಿಗೆ ಕಳೆನಾಶಕ ಹೊಡೀತಿದ್ದರು. ನನ್ನನ್ನು ಕಂಡವರೇ ಪಂಪು ನಿಲ್ಲಿಸಿ, ಜೇಬಿಂದ ಮೊಬೈಲ್ ತೆಗೆದು, "ಅಣ್ಣಾ, ಇಲ್ಲಿ ನೋಡಿ, ನಮ್ಮ ಹುಡುಗ ತೆಗೆದಿದ್ದು" ಅಂತ ಒಂದಾದ ಮೇಲೊಂದು ಫೋಟೊ ತೋರಿಸಿದರು. ಏಪ್ರಿಲ್ ರಜೆಯಲ್ಲಿ ಆರನೇ ಕ್ಲಾಸಿನ ಮಗನನ್ನು ಮೂರು ದಿನದ ಪ್ರಕೃತಿ ಶಿಬಿರಕ್ಕೆ ಕಳಿಸಿದ್ದರಂತೆ. ಆರು ಸಾವಿರ ಫೀಸು. ಟೋಪಿ, ಟೀಶರ್ಟು, ಸರ್ಟಿಫಿಕೇಟು, ಜೊತೆಗೆ ಫೋಟೊಗ್ರಫಿ ಕ್ಲಾಸು.

ಫೋಟೊಗಳು ಚೆನ್ನಾಗೇ ಇದ್ದವು, ಸುಳ್ಳು ಹೇಳಲ್ಲ. ಒಂದರಲ್ಲಿ ಪಿಕಳಾರದ ಗೂಡು. ಮೂರು ಮರಿ ಬಾಯಿ ತೆರೆದುಕೊಂಡು ಕೂತಿವೆ. ಗೂಡಿನ ಮುಂದೆ ಒಂದೇ ಒಂದು ಎಲೆ ಅಡ್ಡ ಇಲ್ಲ. ಪಿಕಳಾರ ಹಂಗೆ ಬಟಾಬಯಲಲ್ಲಿ ಗೂಡು ಕಟ್ಟೋ ಹಕ್ಕಿಯಲ್ಲ ಮಾರಾಯ್ರೆ. ಫೋಟೊ ಚೆಂದ ಬರಲಿ ಅಂತ ಯಾರೋ ಎಲೆ ಸವರಿದ್ದಾರೆ.

"ಈಗ ಹುಡುಗನಿಗೆ ಪ್ರಕೃತಿ ಅಂದ್ರೆ ಪ್ರಾಣ" ಅಂದರು. ಅವರ ಕಾಲ ಬುಡದಲ್ಲೇ ಗರುಗದ ಗಿಡವೊಂದು ಒದ್ದೆಯಾಗಿ ನಿಂತಿತ್ತು. ಅದು ಮಳೆನೀರಿನ ಒದ್ದೆಯಲ್ಲ.

ಅವತ್ತು ನಾನು ಏನೂ ಮಾತಾಡಲಿಲ್ಲ. ಗದ್ದೆ ನೆರೆ ಅಂದ್ರೆ ನಾಳೆ ನೀರಿಗೂ ಬೇಕು, ದಾರಿಗೂ ಬೇಕು. ಆದರೆ ಎರಡು ರಾತ್ರಿ ತಲೇಲಿ ಅದೇ ಕೊರೀತಿತ್ತು, ಅದಕ್ಕೆ ಇಲ್ಲಿ ಬರೀತಿದ್ದೀನಿ. ಅವರೂ ಈ ಪೇಜ್ ಓದ್ತಾರೆ. ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ, ಆಮೇಲೆ ಚಹಾ ಕುಡಿಸಿ ಸಮಾಧಾನ ಮಾಡ್ತೀನಿ.

ಮೊದಲು ಆ ಏಪ್ರಿಲ್ ವಿಚಾರ. ಶಿಬಿರದವರಿಗೆ ಏಪ್ರಿಲ್, ಮೇ ಬೇಕು, ಯಾಕಂದ್ರೆ ಶಾಲೆಗೆ ರಜೆ ಆಗ. ನಮ್ಮ ಸೊರಬದಲ್ಲಿ ಏಪ್ರಿಲ್ ಅಂದ್ರೇನು ಅಂತ ಗೊತ್ತಿದ್ದವರು ಯಾರೂ ಮಕ್ಕಳನ್ನು ಆಗ ಕಾನಿಗೆ ನುಗ್ಗಿಸಲ್ಲ. ಇಡೀ ಜಗತ್ತು ಹೆಸರು ಹಿಡಿದು ಕರೆಯೋ ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ, 1957ರಲ್ಲಿ ಮೊದಲು ಗುರುತಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಡಿಸೆಂಬರಿಂದ ಮೇ ತನಕ ತರಗೆಲೆಯಲ್ಲಿ ಉಣುಗು ಮರಿಗಳು ಕಾಯ್ತಾ ಕೂತಿರ್ತಾವೆ. ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಕೊಟ್ಟು, ಸೊಪ್ಪು ದರಗು ತರಲು ಹೋಗುವವರಿಗೆ ಹಚ್ಕೊಂಡು ಹೋಗಿ ಅಂತಾರೆ. ನಮ್ಮ ಹೆಂಗಸರಿಗೆ ಇದು ಗೊತ್ತು. ಅದೇ ತಿಂಗಳಲ್ಲಿ ಎಲ್ಲಿಂದಲೋ ಬಂದವರು ಮಕ್ಕಳನ್ನು ಚಡ್ಡಿಯಲ್ಲಿ ಸಾಲಾಗಿ ಕಾನಿನೊಳಗೆ ನಡೆಸಿ, ದರಗಿನ ಮೇಲೆ ಕಣ್ಣುಮುಚ್ಚಿ ಮಲಗಿಸಿ, ಕಾಡಿನ ಶಬ್ದ ಕೇಳಿಸಿಕೊಳ್ಳಿ ಅಂತಾರೆ! ದರಗಿನ ಮೇಲೆ ಮಲಗೋದಂತೆ. ನಮ್ಮಜ್ಜಿ ಇದ್ದಿದ್ರೆ ಕೋಲು ತಗೊಳ್ತಿದ್ಲು.

ಬೇಸಿಗೆಯಲ್ಲಿ ಗುಡವಿಗೆ ಹೋದರೂ ಅಷ್ಟೇ. ಮುಕ್ಕಾಲು ಚದರ ಕಿಲೋಮೀಟರಿನಷ್ಟೂ ಇಲ್ಲದ ಪುಟ್ಟ ಪಕ್ಷಿಧಾಮ ಅದು, ಆದರೆ ಮಳೆಗಾಲದಲ್ಲಿ ನೋಡಬೇಕು. ಜೂನ್ ಕಳೀತಿದ್ದಂಗೆ ನೀರಲ್ಲಿ ನಿಂತ ಮರಗಳ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಒಟ್ಟೊಟ್ಟಿಗೆ ಗೂಡು ಕಟ್ಟಿ, ಸಂತೆಯಂಗೆ ಗಲಾಟೆ. ಆ ವಾಸನೆ, ಆ ಜಗಳ, ತಾಯಿಯ ಗಂಟಲೊಳಗೆ ಮರಿ ಕೊಕ್ಕು ತೂರಿಸಿ ಮೀನು ತಿನ್ನೋದು, ಇದನ್ನೊಂದು ಸಲ ನೋಡಿದ ಹುಡುಗನಿಗೆ ಪಾಠ ಬೇಡ. ಆದರೆ ಆ ಹೊತ್ತಲ್ಲಿ ಮಕ್ಕಳು ಶಾಲೆಯಲ್ಲಿ ಕಿಟಕಿ ಹಾಕ್ಕೊಂಡು ಕೂತಿರ್ತಾರೆ, ಮಳೇಲಿ ನೆಂದ್ರೆ ಜ್ವರ ಅಂತ. ನಮ್ಮ ಸೀಮೆಯಲ್ಲಿ ಪ್ರಕೃತಿ ಬಾಗಿಲು ತೆಗೆಯೋದು ಮಳೆಗಾಲದಲ್ಲಿ. ನಾವು ಮಕ್ಕಳನ್ನು ಹೊರಗೆ ಬಿಡೋದು ಬೇಸಿಗೆಯಲ್ಲಿ.

ಗುಡವಿಗೆ ಹೋಗೋರಿಗೆ ಇನ್ನೊಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನೋ ಪದದ ಅರ್ಥ ಬರೆದಿದ್ದಾರೆ, ಓದಿ. ಕೋವಿಯಿಂದ ಹೊಡೆಯೋದು ಮಾತ್ರ ಅಲ್ಲ, ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡೋದೂ ಬೇಟೆಯೇ. ಎಲೆ ಸವರಿ ಗೂಡಿನ ಫೋಟೊ ತೆಗೆಸಿದವರು ಆರು ಸಾವಿರಕ್ಕೆ ಹುಡುಗನಿಗೆ ಏನು ಕಲಿಸಿದರು ಅಂತ ನೀವೇ ಲೆಕ್ಕ ಹಾಕಿ.

ಇದನ್ನ ನಾನು ದೊಡ್ಡ ಸಾಚಾ ಅಂತ ಹೇಳ್ತಿಲ್ಲ. ಎರಡು ವರ್ಷದ ಹಿಂದೆ ನಾನೇ ಈ ಕೆಲಸ ಮಾಡಿದ್ದೀನಿ. ಜೋಳ ಕಿತ್ತ ಹೊಲದಲ್ಲಿ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡು ಅಂತ ಏನಿಲ್ಲ, ನೆಲದಲ್ಲೊಂದು ಗುಳಿ, ಸುತ್ತ ನಾಲ್ಕು ಹರಳು. ಮೊಟ್ಟೆ ಮೇಲಿನ ಚುಕ್ಕಿ ನೆಲದ ಬಣ್ಣಕ್ಕೆ ಎಷ್ಟು ಹೊಂದುತ್ತೆ ಅಂದ್ರೆ, ಒಂದು ಮಾರು ದೂರದಿಂದ ಕಾಣಲ್ಲ. ಉರಿಬಿಸಿಲಿಗೆ ತಾಯಿಹಕ್ಕಿ ಹೋಗಿ ಹೊಟ್ಟೆ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡ್ತಿತ್ತು. ನನಗೆ ಖುಷಿ ತಡೀಲಿಲ್ಲ. ಕೇರಿಯ ಹನ್ನೊಂದು ಮಕ್ಕಳನ್ನ ಕರ್ಕೊಂಡು ಹೋದೆ, ಎಲ್ಲರ ಕೈಲೂ ಅಪ್ಪನದೋ ಅಮ್ಮನದೋ ಮೊಬೈಲು. ಸುತ್ತ ಕೂತು ಫೋಟೊ ತೆಗೆದರು. ಹಕ್ಕಿ ತಲೆ ಮೇಲೆ ಹಾರಿ ಹಾರಿ ಕಿರುಚುತ್ತಿತ್ತು. ನಾನು ಅದನ್ನೂ ತೋರಿಸಿ, "ನೋಡಿ ಮಕ್ಕಳಾ, ತಾಯಿ ಪ್ರೀತಿ" ಅಂದೆ. ಹೇಳಕ್ಕೆ ಈಗ ನಾಚಿಕೆ ಆಗುತ್ತೆ. ಕರೆಂಟ್ ಕಂಬದ ಮೇಲೆ ಒಂದು ಕಾಗೆ ನಮ್ಮನ್ನೇ ನೋಡ್ತಾ ಕೂತಿದ್ದನ್ನು ನಾನು ನೋಡಿದ್ದೆ, ನೋಡಿಯೂ ಯೋಚನೆ ಮಾಡಲಿಲ್ಲ. ಮೂರನೇ ದಿನ ಹೋದರೆ ಗುಳಿ ಖಾಲಿ. ಮರಿ ಆಗೋಕೆ ಹೆಚ್ಚುಕಮ್ಮಿ ನಾಲ್ಕು ವಾರ ಕಾವು ಬೇಕು ಅದಕ್ಕೆ. ಮಕ್ಕಳು "ಮೊಟ್ಟೆ ಎಲ್ಲಿ" ಅಂದಾಗ ಮುಂಗುಸಿ ತಿಂದಿರಬೇಕು ಅಂದೆ. ಕಾಗೆಗೆ ದಾರಿ ತೋರಿಸಿದ್ದು ನಾವೇ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ.

ಹಂಗಾದ್ರೆ ಮಕ್ಕಳ ಕೈಗೆ ಕ್ಯಾಮೆರಾನೇ ಬೇಡವಾ ಅಂತ ಕೇಳೋರು ಇದ್ದಾರೆ. ನಮ್ಮ ಬಳಗದಲ್ಲೇ ಒಬ್ಬರು ಮೇಷ್ಟ್ರು ಹಂಗೇ ವಾದ ಮಾಡ್ತಾರೆ, ಕಣ್ಣಲ್ಲಿ ನೋಡಲಿ ಸಾಕು ಅಂತ. ನಾನು ಒಪ್ಪಲ್ಲ. ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಮೂಡಿಗೆರೆಯಲ್ಲಿ ಕಾಫಿ ಬೆಳೆದ ತೇಜಸ್ವಿ ಕೈಲಿ ಕ್ಯಾಮೆರಾ ಇರಲಿಲ್ಲವಾ? 'ಹಕ್ಕಿ ಪುಕ್ಕ' ನೋಡಿ ಹಕ್ಕಿ ಹೆಸರು ಕಲಿತವನು ನಾನು. ಆದರೆ ಅದು ರೀಲಿನ ಕಾಲ. ಒಂದು ರೀಲಿಗೆ ಮೂವತ್ತಾರು ಫೋಟೊ, ಒಂದೊಂದಕ್ಕೂ ಕಾಸು. ಹಂಗಾಗಿ ಬಟನ್ ಒತ್ತೋ ಮೊದಲು ಮನುಷ್ಯ ಕಾಯ್ತಿದ್ದ. ಈಗ ಕಾಯೋದನ್ನ ನಾವೇ ಕಲಿಸಬೇಕು, ಮೊಬೈಲ್ ಕಲಿಸಲ್ಲ.

ಟಿಟ್ಟಿಭದ ಕಥೆ ಆದಮೇಲೆ ನಾನು ಮಾಡಿದ್ದು ಇಷ್ಟು. ಗಾಜು ಒಡೆದ ಒಂದು ಹಳೇ ಮೊಬೈಲನ್ನ ಅಣ್ಣನ ಮಗಳ ಕೈಗೆ ಕೊಟ್ಟೆ. ಐದನೇ ಕ್ಲಾಸು ಅವಳು. ಕರಾರು ಒಂದೇ. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕಲ್ಲಿನ ಮೇಲೆ ನಿಂತು ಎರಡೇ ಫೋಟೊ: ಎಡಗಡೆ ಭತ್ತದ ಗದ್ದೆಯ ಬದು ಒಂದು, ಬಲಗಡೆ ಶುಂಠಿ ಕಡೆಯ ಬದು ಒಂದು. ಬೇರೆ ಏನು ಕಂಡರೂ ಫೋಟೊ ಇಲ್ಲ, ನೋಟ್‌ಬುಕ್ಕಿನಲ್ಲಿ ಬರೀಬೇಕು. ಮೊದಲ ಎರಡು ವಾರ "ಚಿಕ್ಕಪ್ಪ, ಬೋರು" ಅಂತ ಮುಖ ಊದಿಸಿದಳು. ಮೂರನೇ ವಾರ ನೋಟ್‌ಬುಕ್ಕಿಗೆ ಹತ್ತುಮೀನು ಬಂತು. ಕೆರೆ ಕೋಡಿ ಬಿದ್ದು ಮೀನು ಗದ್ದೆಗೆ ಹತ್ತಿದ್ದವು. ಆಮೇಲೆ ಏಡಿ ಬಿಲ. ಆಮೇಲೆ ಒಂದೆಲಗ, ಹೊನಗನ್ನೆ, ಕನ್ನೆಕುಡಿ, ಹೆಸರು ಗೊತ್ತಿಲ್ಲದ್ದಕ್ಕೆ ಅವಳೇ ಇಟ್ಟ ಹೆಸರು, "ಮೂಗುಬೊಟ್ಟಿನ ಹೂ" ಅಂತ ಒಂದು. ಅದರ ನಿಜ ಹೆಸರು ನನಗೂ ಗೊತ್ತಿಲ್ಲ, ಅದೇ ಇರಲಿ ಬಿಡಿ.

ಆಗಸ್ಟಿನಲ್ಲಿ ನಾನು ಶುಂಠಿ ಕಡೆ ಬದುವಿಗೆ ಕಳೆನಾಶಕ ಹೊಡೆದೆ. ಹೌದು, ನಾನೇ. ಕೂಲಿಗೆ ಜನ ಸಿಗಲಿಲ್ಲ, ಎಲ್ಲರೂ ಹೊಡೀತಾರೆ, ನಾನೂ ಹೊಡೆದೆ. ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ದೀಪಾವಳಿ ರಜೆಯಲ್ಲಿ ಅವಳ ಫೋಟೊಗಳನ್ನ ಒಟ್ಟಿಗೆ ಕೂತು ನೋಡಿದೆವು, ಬೆರಳಲ್ಲಿ ಒಂದೊಂದೇ ತಳ್ಳುತ್ತಾ. ಬಲಗಡೆ ಬದು ಒಂದು ವಾರ ಹಸಿರು, ಮುಂದಿನ ವಾರ ಹಳದಿ, ಆಮೇಲೆ ಸುಟ್ಟ ಕಂದು. ಅದರ ಮುಂದಿನ ಫೋಟೊದಲ್ಲಿ ಜೋರು ಮಳೆಗೆ ಬದುವಿನ ಮಣ್ಣು ಜರಿದು ಗದ್ದೆಗೆ ಬಿದ್ದಿದೆ. ಬೇರಿಲ್ಲದ ಬದು ಎಷ್ಟು ದಿನ ನಿಲ್ಲುತ್ತೆ? ಅದನ್ನ ಕಟ್ಟಿಸೋಕೆ ನಾನು ಎರಡು ಆಳಿನ ಕೂಲಿ ಕೊಟ್ಟಿದ್ದು ನೆನಪಾಯಿತು. ಕಳೆ ಕೂಲಿ ಉಳಿಸೋಕೆ ಹೊಡೆದ ಔಷಧಿ! ಎಡಗಡೆ ಬದು ಎಲ್ಲ ಫೋಟೊದಲ್ಲೂ ನೆಟ್ಟಗೆ ನಿಂತಿತ್ತು, ಸ್ವಲ್ಪ ಗಲೀಜಾಗಿ, ತುಂಬ ಹಸಿರಾಗಿ.

ಅವಳು ಕೇಳಿದ್ದು ಒಂದೇ ಪ್ರಶ್ನೆ: "ಚಿಕ್ಕಪ್ಪ, ಈ ಕಡೆ ಏಡಿ ಎಲ್ಲಿ ಹೋದವು?"

ಆರು ಸಾವಿರ ಕೊಟ್ಟರೂ ಯಾವ ಶಿಬಿರದಲ್ಲೂ ಯಾವ ಮಗುವೂ ಅಪ್ಪನಿಗೆ ಈ ಪ್ರಶ್ನೆ ಕೇಳಲ್ಲ. ಅಲ್ಲಿ ಕಾಡು ಹಾಳಾಗಿದ್ದಕ್ಕೆ ಕಾರಣ ಯಾವಾಗಲೂ ಬೇರೆಯವರು, ಫ್ಯಾಕ್ಟರಿ, ಸರ್ಕಾರ, ಪ್ಲಾಸ್ಟಿಕ್ಕು. ಮನೆಗೆ ಬಂದು ಮಗು ಅಪ್ಪನಿಗೆ ಸರ್ಟಿಫಿಕೇಟ್ ತೋರಿಸುತ್ತೆ. ನನಗೆ ಅನ್ನಿಸೋದು, ನಮಗೆ ಶಿಬಿರ ಇಷ್ಟ ಆಗೋದೇ ಅದಕ್ಕೆ.

ನಮ್ಮ ಕಡೆ ಇದಕ್ಕೆಲ್ಲ ಮೊದಲೇ ಒಂದು ದಿನ ಇತ್ತಲ್ಲ, ಭೂಮಿ ಹುಣ್ಣಿಮೆ. ಹೊಡೆ ತುಂಬಿದ ಗದ್ದೆಗೆ ಬಸುರಿ ಬಯಕೆ ಅಂತ ಅಡಿಗೆ ಮಾಡಿ, ಚಿತ್ತಾರ ಬರೆದ ಬುಟ್ಟಿ ಹೊತ್ತುಕೊಂಡು, ಬೆಳಕು ಹರಿಯೋ ಮೊದಲು ಚರಗ ಚೆಲ್ಲೋದು. ಕಾಗೆಗೂ ಇಲಿಗೂ ಪಾಲು. ಅದಕ್ಕೆ ಬೆರಕೆ ಸೊಪ್ಪು ತರೋಕೆ ಹಿಂದಿನ ದಿನ ಅಜ್ಜಿ ನಮ್ಮನ್ನ ಬದು ಬದು ಸುತ್ತಿಸ್ತಿದ್ದಳು. ಯಾವ ಕುಡಿ ಚಿವುಟಬೇಕು, ಯಾವುದು ಬಿಡಬೇಕು, ಯಾವುದು ಮುಟ್ಟಿದರೆ ತುರಿಕೆ, ಎಲ್ಲ ಅಲ್ಲೇ ಕಲಿತಿದ್ದು. ಹೋದ ವರ್ಷ ಅತ್ತಿಗೆ ಸೊಪ್ಪಿಗೆ ಹೋಗಿ ಒಂದು ಹಿಡಿ ತಂದರು. "ಎಲ್ಲಾ ಬದುವಿಗೂ ಹೊಡೆದಿದ್ದಾರೆ, ಯಾವುದನ್ನ ನಂಬಿ ಕೀಳೋದು?" ಅಂತ ಕೊನೆಗೆ ಹಿತ್ತಲಿನ ಹರಿವೆ ಸೊಪ್ಪು ಹಾಕಿ ಮುಗಿಸಿದರು.

ಬೈಯೋರು ಬೈಯಿರಿ, ಕೂಲಿ ಲೆಕ್ಕ ನನಗೂ ಗೊತ್ತು. ತೋಟಕ್ಕೆ, ಶುಂಠಿಗೆ ಏನು ಮಾಡಬೇಕು ಅನ್ನೋ ಜಗಳ ಬೇರೆ ದಿನ ಆಡೋಣ. ನಾನು ಕೇಳ್ತಿರೋದು ಬದು ಒಂದನ್ನ. ಕತ್ತಿಯಲ್ಲಿ ಸವರಿ, ಇಲ್ಲ ಬಾಡಿಗೆಗೆ ಕಳೆ ಕತ್ತರಿಸೋ ಮಿಷನ್ ತಂದು ವರ್ಷಕ್ಕೆ ಎರಡು ಸಲ ಓಡಿಸಿ. ಬೇರು ಉಳಿಯಲಿ. ಮೇಷ್ಟ್ರುಗಳಿಗೂ ಒಂದು ಮಾತು: ಬ್ಯಾಗಿಲ್ಲದ ಸಂಭ್ರಮ ಶನಿವಾರಕ್ಕೆ ಬಸ್ಸು, ಅನುಮತಿ ಅಂತ ಒದ್ದಾಡಬೇಡಿ. ಶಾಲೆ ಹಿಂದಿನ ಗದ್ದೆ ಬದುವೇ ಸಾಕು, ಗದ್ದೆಯವರನ್ನ ಒಂದು ಮಾತು ಕೇಳಿಕೊಳ್ಳಿ. ಶಾಲೆಗೊಂದು ಮೊಬೈಲ್, ತಿಂಗಳಿಗೆ ಎರಡು ಫೋಟೊ.

ಅಣ್ಣನ ಮಗಳು ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಅದೇ ಕಲ್ಲಿನ ಮೇಲೆ ನಿಂತಿರ್ತಾಳೆ. ಹತ್ತಿರದ ಊರವರು ಮಕ್ಕಳನ್ನ ಕರ್ಕೊಂಡು ಬರಬಹುದು, ಐದಾರು ಜನಕ್ಕಿಂತ ಹೆಚ್ಚು ಬೇಡ. ಬೂಟು ಹಾಕಿಸಿ, ಕೊಳಕುಮಂಡಲ ಓಡಾಡೋ ಜಾಗ. ಗೂಡು ತೋರಿಸಿ ಅಂತ ಕೇಳಬೇಡಿ, ತೋರಿಸಲ್ಲ. ಪಕ್ಕದ ಗದ್ದೆಯ ಆರನೇ ಕ್ಲಾಸಿನವನಿಗೂ ಹೇಳಿ ಕಳಿಸಿದ್ದೀನಿ. ಅವನ ಬದು ಈಗ ಹಳದಿಯಾಗಿದೆ, ಮೊದಲ ಫೋಟೊ ಅದರದ್ದೇ ತೆಗೀಲಿ.