ಬೋರ್ಡಿಗೆ ಕನ್ನಡ ಬಂತು, ಪ್ರೆಸ್ಸಿನ ಸರ್ವರಿಗೆ ಯಾವಾಗ?



ಹಲಸೂರಿನಲ್ಲಿ ಪ್ರೆಸ್ ಇಟ್ಟುಕೊಂಡು ಬದುಕುವವನು ನಾನು. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಗಿರಾಕಿಗಳಿಗೆ ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕುತ್ತೇನೆ. ಓದಿದ್ದು ಪಿ.ಯು.ಸಿ. ಮಾತ್ರ. ನಾಮಫಲಕದಲ್ಲಿ ಶೇಕಡ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಾಗ ನಿಮ್ಮಂತೆ ನಾನೂ ಹಿಗ್ಗಿದೆ. ಆದರೆ ಕನ್ನಡ ಅಚ್ಚಾಗುವ ಜಾಗದಲ್ಲೇ ಕನ್ನಡಿಗ ಕೈಕಟ್ಟಿ ನಿಂತದ್ದನ್ನು ಕಂಡಿದ್ದೇನೆ. ಅದೂ ನನ್ನದೇ ಪ್ರೆಸ್ಸಿನಲ್ಲಿ!

ನಮ್ಮಲ್ಲಿ ಮೂರು ಪ್ರಿಂಟರ್‌ಗಳಿಗೆ ಒಂದೇ ಸರ್ವರ್. ಲಿನಕ್ಸ್ ಮೇಲೆ ‘ಕಪ್ಸ್’ ಎಂಬ ತಂತ್ರಾಂಶ ಅವನ್ನು ನಡೆಸುತ್ತದೆ. ಮೌಸ್ ಇಲ್ಲ, ಚಿತ್ರವಿಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬೇಕು. ರಾಜ್ಯೋತ್ಸವದ ಹಿಂದಿನ ರಾತ್ರಿ ಕರಪತ್ರ ಹೊಡೆಯುತ್ತಿದ್ದಾಗ ಕಾಗದ ಸಿಕ್ಕಿಕೊಂಡಿತು. ನಮ್ಮ ಆಪರೇಟರ್ ಅದನ್ನು ಎಳೆದು ತೆಗೆದ. ಆದರೂ ಪ್ರಿಂಟರ್ ಏಳಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು. ಹತ್ತು ವರ್ಷದ ಕಸುಬುದಾರ, ಕನ್ನಡ ಮಾಧ್ಯಮದಲ್ಲಿ ಓದಿದವನು, ತಲೆ ತಗ್ಗಿಸಿ “ಅಣ್ಣಾ, ಇಂಗ್ಲಿಷ್ ಬರೋರನ್ನ ಕರೀರಿ” ಎಂದ. ಕರೆಸಿದವನು ಬಂದದ್ದು ಮರುದಿನ ಹತ್ತು ಗಂಟೆಗೆ. ಅಷ್ಟರಲ್ಲಿ ಬಾವುಟ ಏರಿಸಿ ಆಗಿತ್ತು. ಕರಪತ್ರ ರದ್ದಿಗೆ ಹೋಯಿತು. ಬಂದವನು ಟೈಪ್ ಮಾಡಿದ್ದು ಒಂದೇ ಸಾಲು!

‘ಕಪ್ಸ್‌ಎನೇಬಲ್’, ಅದರ ಮುಂದೆ ಪ್ರಿಂಟರಿನ ಹೆಸರು. ಮುದ್ರಣ ಕೆಟ್ಟಾಗ ಕಪ್ಸ್ ಕೆಲವೊಮ್ಮೆ ಪ್ರಿಂಟರನ್ನೇ ನಿಲ್ಲಿಸಿಬಿಡುತ್ತದೆ. ರಿಪೇರಿಯಾದರೂ ನಾವು ಹೇಳುವ ತನಕ ಬಿಡುವುದಿಲ್ಲ. ಗುಟ್ಟು ಇಷ್ಟೇ. ಅಂದೇ ಕೂತು, ಪ್ರತಿ ಆಜ್ಞೆಯ ಎದುರು ಅದರ ಕೆಲಸವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಯಾವ ಪ್ರಿಂಟರ್ ನಿಂತಿದೆ ಎಂದು ತಿಳಿಯಲು ‘ಎಲ್‌ಪಿಸ್ಟ್ಯಾಟ್ -ಪಿ’. ಸರದಿಯಲ್ಲಿರುವ ಕೆಲಸ ನೋಡಲು ‘ಎಲ್‌ಪಿಸ್ಟ್ಯಾಟ್ -ಓ’. ಕೆಲಸ ರದ್ದು ಮಾಡಲು ‘ಕ್ಯಾನ್ಸಲ್’ ಮತ್ತು ಕೆಲಸದ ನಂಬರು. ಅಚ್ಚಿಗೆ ಕಳಿಸಲು ‘ಎಲ್‌ಪಿ’. ‘-ಡಿ’ ಎಂದರೆ ಯಾವ ಪ್ರಿಂಟರಿಗೆ, ‘-ಎನ್’ ಎಂದರೆ ಎಷ್ಟು ಪ್ರತಿ.

ಕನ್ನಡದ ಬರೀ ಪಠ್ಯ ಕಡತವನ್ನು ನೇರವಾಗಿ ಕಳಿಸಿದರೆ ಒತ್ತಕ್ಷರ ಚೆದುರಬಹುದು. ಹಳೆಯ ನುಡಿ ಫಾಂಟಿನ ಕಡತವಾದರಂತೂ ಇಂಗ್ಲಿಷ್ ಅಕ್ಷರಗಳ ಕಸವೇ ಬೀಳುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿ ಕಳಿಸಬೇಕು. ಇದನ್ನೂ ಗೋಡೆಗೆ ಬರೆದೆ. ಈಗ ಅದೇ ಆಪರೇಟರ್ ಮೂರೂ ಪ್ರಿಂಟರ್ ಆಳುತ್ತಾನೆ.

“ಆಜ್ಞೆಯೇ ಇಂಗ್ಲಿಷಲ್ಲವೇ?” ಎಂದು ಕೇಳುವವರಿದ್ದಾರೆ. ಸ್ವಾಮಿ, ‘ಎಲ್‌ಪಿಸ್ಟ್ಯಾಟ್’ ಎಂಬ ಪದ ಯಾವ ಇಂಗ್ಲಿಷ್ ನಿಘಂಟಿನಲ್ಲಿದೆ? ಲಂಡನ್ನಿನವನೂ ಅದನ್ನು ಕಲಿತೇ ಬರಬೇಕು. ಅಚ್ಚುಮೊಳೆ ಜೋಡಿಸುತ್ತಿದ್ದ ನಮ್ಮವರು ಪಾಯಿಂಟ್, ಪೈಕಾ, ಎಮ್ ಎಲ್ಲವನ್ನೂ ಕನ್ನಡದಲ್ಲೇ ಕಲಿಯಲಿಲ್ಲವೇ? ಅಡ್ಡಿ ಆಜ್ಞೆಯಲ್ಲಿಲ್ಲ. ವಿವರಣೆ ಕನ್ನಡದಲ್ಲಿ ಇಲ್ಲದಿರುವುದೇ ಅಡ್ಡಿ.

1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯಲ್ಲಿ ರಿಚರ್ಡ್ ಸ್ಟಾಲ್ಮನ್, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸಂದೇಶ ಹೋಗುವಂತೆ ಮಾಡಲು ಹೊರಟರು. ಆ ತಂತ್ರಾಂಶದ ಮೂಲ ಅವರಿಗೆ ಸಿಗಲಿಲ್ಲ. 1983ರಲ್ಲಿ ಅವರು ಸಾರಿದ ‘ಗ್ನೂ’ ಯೋಜನೆಯ ಹಿಂದೆ ಆ ಸಿಟ್ಟೂ ಇತ್ತು. 1999ರಲ್ಲಿ ಬಂದ ಕಪ್ಸ್‌ನ ಮೂಲವಾದರೋ ಎಲ್ಲರಿಗೂ ತೆರೆದಿದೆ. ಅದರ ಸಂದೇಶಗಳನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಡ!

ಇಂದಿರಾನಗರ, ಕೆ.ಆರ್. ಪುರದಲ್ಲಿ ಕೂತ ಕನ್ನಡದ ಇಂಜಿನಿಯರುಗಳೇ, ನವೆಂಬರಿನಲ್ಲಿ ಬಾವುಟದ ಬಣ್ಣದ ಶಾಲು ಹೊದ್ದರೆ ಸಾಲದು. ವಾರಕ್ಕೆ ಒಂದು ಗಂಟೆ ಕೂತು ಆ ಸಾಲುಗಳನ್ನು ಕನ್ನಡ ಮಾಡಿ. ಪ್ರೆಸ್ ಮಾಲೀಕ ಮಿತ್ರರೇ, ಅಲ್ಲಿಯತನಕ ಕಾಯಬೇಡಿ. ಒಂದು ಹಾಳೆ, ಆರು ಸಾಲು; ಇಂದೇ ನಿಮ್ಮ ಗೋಡೆಗೆ ಅಂಟಿಸಿ. ಕನ್ನಡ ಬಲ್ಲ ಕೆಲಸಗಾರ ಇನ್ನೊಮ್ಮೆ ತಲೆ ತಗ್ಗಿಸುವುದು ಬೇಡ.